ತಪಾಸಣೆಯವನ ಉಮೇದುವಾರಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ನನ್ನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಾರು. ಅಮೆರಿಕದಲ್ಲಿ ಹಡಗುಗಳ ತಪಾಸಣೆ ಮಾಡುವ ಸೈನಿಕ ಅಧಿಕಾರಿಗಳು ಖಾಸಗಿ ಹಡಗು ಕಂಪನಿಗಳಿಗೆ ಹೋಗಿ ಉಮೇದುವಾರಿ ಮಾಡಿ ಕೆಲಸ ಕಲಿಯುತ್ತಾರೆ. ಆ ಪದ್ಧತಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ. ಅಲ್ಲಿಯ ಹಡಗಿಗೂ ನಮ್ಮ ದೋಸೆಯ ಕಾವಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಉತ್ತರವನ್ನು ಸಾವಕಾಶವಾಗಿ ಕೊಡುತ್ತೇನೆ. ಮೊದಲು ಒಂದು ದುರಂತದ ಸಂಗತಿ ಕೇಳಿರಿ.

೨೦೨೪ನೆಯ ಇಸವಿ ಮಾರ್ಚ್ ೨೬ರ ನಡುರಾತ್ರಿ ಕಳೆದ ಮೇಲೆ, ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ 'ಡಾಲಿ' ಎಂಬ ದೊಡ್ಡ ಸರಕಿನ ಹಡಗಿನಲ್ಲಿ ವಿದ್ಯುತ್ ನಿಂತುಹೋಯಿತು. ಸುಮಾರು ೩೦೦ ಮೀಟರ್ ಉದ್ದದ ಹಡಗು ಹಿಡಿತ ತಪ್ಪಿ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆ ಕುಸಿದು ನೀರಿಗೆ ಬಿತ್ತು. ಆ ಹೊತ್ತಿನಲ್ಲಿ ಸೇತುವೆಯ ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಜನ ಕಾರ್ಮಿಕರು ಪ್ರಾಣ ಬಿಟ್ಟರು. ಅವರು ಯಾರು? ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಊರು ಬಿಟ್ಟು ಬಂದು, ಊರಿಗೆ ಹಣ ಕಳಿಸುತ್ತ ರಾತ್ರಿ ಪಾಳಿಯಲ್ಲಿ ದುಡಿಯುವುದು ಎಂದರೇನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಹಡಗಿನಲ್ಲಿದ್ದ ನೌಕರರಾದರೋ ಬಹುಮಂದಿ ನಮ್ಮ ಭಾರತೀಯರೇ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ಇದರ ವಿಚಾರಣೆ ಮಾಡಿ ೨೦೨೫ರ ನವೆಂಬರಿನಲ್ಲಿ ತನ್ನ ನಿರ್ಣಯ ಹೇಳಿತು. ವಿದ್ಯುತ್ತು ಮೊದಲು ನಿಲ್ಲಲು ಕಾರಣ ಒಂದು ಸಡಿಲ ತಂತಿ. ತಂತಿಗೆ ಗುರುತಿನ ಚೀಟಿ ಸುತ್ತುವಾಗ ಅದನ್ನು ತಪ್ಪು ಜಾಗದಲ್ಲಿ ಸುತ್ತಿದ್ದರು. ಅದು ಅಡ್ಡ ಬಂದು ತಂತಿಯ ತುದಿ ತನ್ನ ಗೂಡಿನಲ್ಲಿ ಪೂರ್ತಿ ಕೂತಿರಲಿಲ್ಲ. ಇನ್ನೊಂದು ಮಾತನ್ನೂ ಮಂಡಲಿ ಹೇಳಿತು. ಸೇತುವೆಯ ಮೇಲೆ ಬರುವ ಗಾಡಿಗಳನ್ನು ಪೊಲೀಸರು ತಡೆದರು, ಅದರಿಂದ ಎಷ್ಟೋ ಜೀವ ಉಳಿಯಿತು. ಆದರೆ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಅದೇ ಗಳಿಗೆಯಲ್ಲಿ ಸುದ್ದಿ ಮುಟ್ಟಿದ್ದರೆ ಅವರಿಗೂ ಪಾರಾಗಲು ಸಮಯವಿರುತ್ತಿತ್ತೇನೋ. ಸುದ್ದಿ ಕಾರ್ಮಿಕನಿಗೆ ಕಡೆಗೆ ಮುಟ್ಟುತ್ತದೆ, ನೀರು ಅವನಿಗೆ ಮೊದಲು ಮುಟ್ಟುತ್ತದೆ.

ಆ ಹಡಗನ್ನು ಯಾರೂ ತಪಾಸಣೆ ಮಾಡಿರಲಿಲ್ಲವೇ? ಮಾಡಿದ್ದರು. ಸುಮಾರು ಆರು ತಿಂಗಳ ಹಿಂದೆ, ೨೦೨೩ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಕೋಸ್ಟ್ ಗಾರ್ಡ್ ದಳದವರು ನ್ಯೂಯಾರ್ಕಿನಲ್ಲಿ ಅದನ್ನು ನೋಡಿದ್ದರು, ಕೊರತೆಯೇನೂ ಕಂಡಿರಲಿಲ್ಲ. ಇದು ಅವರನ್ನು ದೂರುವ ಮಾತಲ್ಲ. ಸಾವಿರಾರು ತಂತಿಗಳ ನಡುವೆ ಒಂದು ಸಡಿಲ ತಂತಿಯನ್ನು ಹುಡುಕುವುದು ಸಾಮಾನ್ಯ ತಪಾಸಣೆಯಲ್ಲಿ ಆಗುವ ಕೆಲಸವಲ್ಲ. ಆದರೂ ನನಗೆ ಇಲ್ಲಿಂದಲೇ ಒಂದು ಪ್ರಶ್ನೆ ಹುಟ್ಟಿತು. ಪರರ ಜೀವ ಕಾಯಲೆಂದು ತಪಾಸಣೆಗೆ ಬರುವವನಿಗೆ ಏನು ಗೊತ್ತಿರಬೇಕು, ಅದನ್ನು ಅವನು ಎಲ್ಲಿ ಕಲಿಯಬೇಕು?

ಈ ಪ್ರಶ್ನೆ ಅಮೆರಿಕಕ್ಕೆ ಹೊಸದಲ್ಲ. ಅಲ್ಲಿಯ ನದಿಗಳಲ್ಲಿ ಉಗಿಹಡಗುಗಳು ಓಡತೊಡಗಿದಾಗ ಬಾಯ್ಲರುಗಳು ಸಿಡಿದು ಜನ ಸಾಯತೊಡಗಿದರು. ೧೮೩೮ರಲ್ಲಿ ಸರಕಾರ ಮೊದಲನೆಯ ತಪಾಸಣೆಯ ಕಾನೂನು ಮಾಡಿತು. ತಪಾಸಣೆ ಮಾಡುವವನು ಆ ಕೆಲಸದಲ್ಲಿ ನುರಿತವನಾಗಿರಬೇಕು. ಉಗಿಯಂತ್ರ ಬಾಯ್ಲರುಗಳ ತಯಾರಿಕೆಯಲ್ಲಿ ಅವನಿಗೆ ಸ್ವಂತ ಲಾಭವಿರಬಾರದು. ಈ ಎರಡು ಮಾತು ಆ ಕಾನೂನಿನಲ್ಲಿ ಇದ್ದವು. ನನ್ನ ಇಂದಿನ ಭಾಷಣವೆಲ್ಲ ಈ ಎರಡು ಮಾತಿನ ವ್ಯಾಖ್ಯಾನವೆಂದೇ ತಿಳಿಯಿರಿ. ೧೮೫೨ರಲ್ಲಿ ಕಾನೂನನ್ನು ಬಿಗಿ ಮಾಡಿ, ಹಡಗಿನ ಒಡಲು ನೋಡುವವನು ಒಬ್ಬ, ಬಾಯ್ಲರು ನೋಡುವವನು ಇನ್ನೊಬ್ಬ ಎಂದು ನೇಮಿಸಿದರು. ಅಷ್ಟಾದರೂ ೧೮೬೫ರ ಏಪ್ರಿಲಿನಲ್ಲಿ ಮಿಸಿಸಿಪ್ಪಿ ನದಿಯಲ್ಲಿ 'ಸುಲ್ತಾನಾ' ಹಡಗಿನ ಬಾಯ್ಲರುಗಳು ಸಿಡಿದವು. ೩೭೬ ಪ್ರಯಾಣಿಕರ ಹಡಗಿನಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ತುಂಬಿದ್ದರು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕಾನೂನು ಪುಸ್ತಕದಲ್ಲಿತ್ತು, ಲೋಭ ಹಡಗಿನಲ್ಲಿತ್ತು.

ಮುಂದೆ ೧೯೪೨ರಲ್ಲಿ, ಯುದ್ಧದ ಕಾಲದಲ್ಲಿ, ಈ ತಪಾಸಣೆಯ ಕೆಲಸವನ್ನು ಕೋಸ್ಟ್ ಗಾರ್ಡ್ ದಳಕ್ಕೆ ಒಪ್ಪಿಸಿದರು. ೧೯೪೬ರಲ್ಲಿ ಅದು ಕಾಯಮ್ಮಾಯಿತು. ಇಲ್ಲಿ ಒಂದು ತೊಡಕು ಬಂದಿತು. ಕೋಸ್ಟ್ ಗಾರ್ಡ್ ಎಂಬುದು ಸೈನಿಕ ದಳ. ಸೈನಿಕ ಅಧಿಕಾರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಇವತ್ತು ಸಮುದ್ರದಲ್ಲಿ ಮುಳುಗುವವರನ್ನು ಎತ್ತುವ ಕೆಲಸ, ನಾಳೆ ಬಂದರಿನ ಕಾವಲು, ನಾಡಿದ್ದು ಎಣ್ಣೆ ಹಡಗಿನ ತಪಾಸಣೆ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಬೇರೆ ಊರಿನ ಹುಕುಂ ಬಂದಿರುತ್ತದೆ. ಭಟ್ಟರು ಸಾರಿನ ಹದ ಕಂಡುಕೊಳ್ಳುವಷ್ಟರಲ್ಲಿ ಅವರನ್ನು ಗಲ್ಲಾಪೆಟ್ಟಿಗೆಯಲ್ಲಿ ಕೂರಿಸಿದರೆ ಹೋಟೆಲಿನ ಗತಿ ಏನಾದೀತು?

ಇದರ ಫಲವನ್ನೂ ಅವರು ಉಂಡರು. ೧೯೮೩ರ ಫೆಬ್ರುವರಿ ೧೨ರಂದು 'ಮರೀನ್ ಎಲೆಕ್ಟ್ರಿಕ್' ಎಂಬ ಕಲ್ಲಿದ್ದಲಿನ ಹಡಗು ವರ್ಜೀನಿಯಾ ತೀರದಾಚೆ ಬಿರುಗಾಳಿಗೆ ಸಿಕ್ಕಿ ಮುಳುಗಿತು. ೩೪ ಜನರಲ್ಲಿ ೩೧ ಮಂದಿ ಹೆಪ್ಪುಗಟ್ಟಿಸುವ ನೀರಿನಲ್ಲಿ ಸತ್ತರು. ಎರಡನೆಯ ಮಹಾಯುದ್ಧದ ಕಾಲದ ಹಳೆಯ ಹಡಗು. ಅದರ ಕಣಜದ ಮುಚ್ಚಳಗಳು ತುಕ್ಕು ತಿಂದು ತೇಪೆ ಹಾಕಿಸಿಕೊಂಡಿದ್ದವು. ಆದರೂ ಹಡಗು ಯೋಗ್ಯವೆಂಬ ಕಾಗದ ಅದರ ಬಳಿ ಇತ್ತು. ತುಕ್ಕು ಹಡಗಿನ ಕೆಲಸಗಾರನ ಕಣ್ಣಿಗೆ ಕಂಡಿತ್ತು, ಕಾಗದಕ್ಕೆ ಕಂಡಿರಲಿಲ್ಲ. ೨೦೦೭ರಲ್ಲಿ ಹಡಗಿನ ಉದ್ಯಮದವರೇ, ನಮ್ಮ ಹಡಗು ನೋಡಲು ಬರುವವರಿಗೆ ಹಡಗು ತಿಳಿಯದೆಂದು ಗೊಣಗತೊಡಗಿದರು. ದಳದ ಮುಖ್ಯಸ್ಥರು ಜೇಮ್ಸ್ ಕಾರ್ಡ್ ಎಂಬ ನಿವೃತ್ತ ವೈಸ್ ಅಡ್ಮಿರಲರನ್ನು ಕರೆಸಿ ವರದಿ ಕೇಳಿದರು. ಅನುಭವಸ್ಥರ ಕೊರತೆ ನಿಜವೆಂದು ವರದಿ ಹೇಳಿತು. ಅದರ ಬೆನ್ನಿಗೆ ತಪಾಸಣೆಯವರ ಸಂಖ್ಯೆ ಹೆಚ್ಚಿಸಿದರು, ವರ್ಗವಿಲ್ಲದ ನಾಗರಿಕ ಹುದ್ದೆಗಳನ್ನು ಕೂಡಿಸಿದರು, ಒಂದೊಂದು ಬಗೆಯ ಹಡಗಿಗೆ ಒಂದೊಂದು ಪರಿಣತರ ಕೇಂದ್ರ ತೆರೆದರು. ಉಮೇದುವಾರಿಗೂ ಒತ್ತು ಕೊಟ್ಟರು.

ಉಮೇದುವಾರಿ ಎಂದರೆ ಏನು? ದಳದ ಅಧಿಕಾರಿಯನ್ನು ಕೆಲವು ಕಾಲ ಖಾಸಗಿ ಸಂಸ್ಥೆಯೊಂದಕ್ಕೆ ಕಳಿಸುವುದು. ಹಡಗು ಕಂಪನಿ, ಬಂದರಿನ ಕಂಪನಿ, ಹಡಗುಗಳಿಗೆ ದರ್ಜೆ ಕೊಡುವ ಸಂಸ್ಥೆ, ಹೀಗೆ. ಅಲ್ಲಿ ಅವನು ತಪಾಸಣೆಯ ಸಾಹೇಬನಲ್ಲ, ಕಲಿಯಲು ಬಂದ ಹುಡುಗ. ಅಮೆರಿಕದ ಶಾಸನದಲ್ಲಿಯೇ ಇದಕ್ಕೊಂದು ಕಲಮು ಇದೆ: ಕಳಿಸುವ ಮೊದಲು, ಈ ಖರ್ಚು ದಳಕ್ಕೆ ನಿಜವಾಗಿ ಪ್ರಯೋಜನಕ್ಕೆ ಬರುವುದೇ ಎಂದು ಮುಖ್ಯಸ್ಥರು ನಿರ್ಧರಿಸಿಕೊಳ್ಳಬೇಕು.

ಇದರ ಉಪಯೋಗ ತಿಳಿಯಬೇಕಾದರೆ ಅಲ್ಲಿಯ ಟಗ್ ದೋಣಿಗಳನ್ನು ನೋಡಬೇಕು. ಸಾಲುಸಾಲು ಬಾರ್ಜುಗಳನ್ನು ನದಿಗಳಲ್ಲಿ ನೂಕಿಕೊಂಡು ಹೋಗುವ ಸಣ್ಣ, ಗಟ್ಟಿ ಹಡಗುಗಳು ಅವು. ಬಹುಕಾಲ ಅವುಗಳಲ್ಲಿ ಹೆಚ್ಚಿನವಕ್ಕೆ ಪೂರ್ಣ ತಪಾಸಣೆಯ ಕಾನೂನೇ ಇರಲಿಲ್ಲ. ೧೯೯೩ರ ಸೆಪ್ಟೆಂಬರಿನಲ್ಲಿ ಅಲಬಾಮಾದಲ್ಲಿ ಇಂಥದೊಂದು ಟಗ್ ಮಂಜಿನಲ್ಲಿ ದಾರಿ ತಪ್ಪಿ, ಅದರ ಬಾರ್ಜುಗಳು ರೈಲು ಸೇತುವೆಗೆ ಬಡಿದವು. ಮೇಲೆ ಬಂದ ರೈಲು ಉರುಳಿ ೪೭ ಜನ ಸತ್ತರು. ೨೦೦೪ರಲ್ಲಿ ಟಗ್ಗುಗಳನ್ನು ತಪಾಸಣೆಗೆ ಒಳಪಡಿಸುವ ಶಾಸನವಾಯಿತು, ೨೦೧೬ರಲ್ಲಿ ನಿಯಮಗಳು ಬಂದವು. ಐದೂವರೆ ಸಾವಿರಕ್ಕೂ ಮಿಕ್ಕಿದ ದೋಣಿಗಳು! ನೋಡಬೇಕಾದ ಅಧಿಕಾರಿಗಳಲ್ಲಿ ಎಷ್ಟೋ ಜನ ಟಗ್ಗಿನ ಒಳಗೆ ಕಾಲಿಟ್ಟವರಲ್ಲ. ಆದಕಾರಣ ಕೆಂಟಕಿಯ ಪಡೂಕಾ ಎಂಬ ನದೀತೀರದ ಪಟ್ಟಣದಲ್ಲಿ ಟಗ್ಗುಗಳ ಪರಿಣತ ಕೇಂದ್ರ ಇಟ್ಟರು. ತಪಾಸಣೆಯವರು ದೋಣಿ ಹತ್ತಿ ಕೆಲಸಗಾರರೊಡನೆ ಕಲಿತರು.

ಅಲ್ಲಿ ಕಲಿಯುವುದು ಏನಿದೆ? ಟಗ್ಗಿನಲ್ಲಿ ಆರು ಗಂಟೆ ಪಾಳಿ, ಆರು ಗಂಟೆ ಬಿಡುವು, ಮತ್ತೆ ಆರು ಗಂಟೆ ಪಾಳಿ ಎಂಬ ವಾಡಿಕೆಯಿದೆ. ದಿನಚರಿ ಪುಸ್ತಕದಲ್ಲಿ ವಿಶ್ರಾಂತಿ ಸರಿಯಾಗಿ ಬರೆದಿರುತ್ತದೆ. ಆ ಆರು ಗಂಟೆಯಲ್ಲಿ ಸ್ನಾನ, ಊಟ ಕಳೆದು, ಇಂಜಿನಿನ ಸದ್ದಿನ ನಡುವೆ ಎಷ್ಟು ನಿದ್ದೆ ಬರುತ್ತದೆಂಬುದು ಅಲ್ಲಿ ಮಲಗಿದವನಿಗೇ ಗೊತ್ತು. ಬೆಳಗಿನ ಇಡ್ಲಿಗೆ ಎದ್ದು ರಾತ್ರಿ ಕಡೆಯ ಮೇಜು ಒರೆಸಿ ಮಲಗುವ ನಮ್ಮ ಮಾಣಿಗಳಿಗೆ ಈ ಲೆಕ್ಕ ಕಂಠಪಾಠ. ಇನ್ನೊಂದು ಮಾತು. ಇನ್‌ಸ್ಪೆಕ್ಟರು ಬರುವ ದಿನ ಅಡಿಗೆಮನೆ ಹೇಗಿರುತ್ತದೆಂದು ನಮಗೆ ಗೊತ್ತಿಲ್ಲವೇ? ನೆಲ ಫಳಫಳ, ಎಲ್ಲರ ತಲೆಗೂ ಟೋಪಿ, ಹಿಂಬಾಗಿಲಿಗೆ ಅಡ್ಡವಾಗಿದ್ದ ಮೂಟೆಗಳು ಮಾಯ! ಹಡಗಿನಲ್ಲಿಯೂ ಹಾಗೆಯೇ. ಒಂದು ದಿನಕ್ಕೆ ಬಂದವನು ಒರೆಸಿದ ಹಡಗನ್ನು ನೋಡುತ್ತಾನೆ. ತಿಂಗಳುಗಟ್ಟಲೆ ಇದ್ದವನು ನಿಜವಾದ ಹಡಗನ್ನು ನೋಡುತ್ತಾನೆ. ಮೂಟೆ ಎಲ್ಲಿ ಬಚ್ಚಿಡುತ್ತಾರೆಂದು ಒಮ್ಮೆ ಕಂಡವನು ಮುಂದೆ ಯಾವ ಹಡಗಿಗೆ ಹೋದರೂ ಮೊದಲು ಆ ಮೂಲೆಯನ್ನೇ ತಡಕುತ್ತಾನೆ.

ಆದರೆ ಬಂಧುಗಳೇ, ೧೮೩೮ರ ಎರಡನೆಯ ಮಾತನ್ನು ಮರೆಯಬಾರದು. ಯಜಮಾನನ ಮನೆಯಲ್ಲಿ ವರ್ಷ ಕಳೆದವನು ಅವನ ಕಣ್ಣಿನಿಂದಲೇ ನೋಡಲು ಕಲಿತರೆ? ಉಪ್ಪಿನ ಋಣ ದೊಡ್ಡದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ೨೦೧೫ರ ಅಕ್ಟೋಬರ್ ೧ರಂದು 'ಎಲ್ ಫಾರೊ' ಎಂಬ ನಾಲ್ವತ್ತು ವರ್ಷದ ಹಡಗು ಬಹಾಮಾ ದ್ವೀಪಗಳ ಬಳಿ ಚಂಡಮಾರುತದಲ್ಲಿ ಮುಳುಗಿ ೩೩ ಜನರೂ ಸತ್ತರು. ಅದರ ತಪಾಸಣೆಯ ಬಹುಭಾಗವನ್ನು ಕೋಸ್ಟ್ ಗಾರ್ಡ್ ಪರವಾಗಿ ದರ್ಜೆ ಕೊಡುವ ಸಂಸ್ಥೆ ಮಾಡುತ್ತಿತ್ತು. ಅಂಥ ಸಂಸ್ಥೆಗೆ ಹಣ ಕೊಡುವವನು ಹಡಗಿನ ಒಡೆಯನೇ. ಪರರಿಗೆ ಒಪ್ಪಿಸಿದ ಕೆಲಸದ ಮೇಲೆ ಸರಕಾರದ ಕಣ್ಣು ಇನ್ನೂ ಬಿಗಿಯಾಗಬೇಕೆಂದು ವಿಚಾರಣೆಯಲ್ಲಿ ತೀರ್ಮಾನವಾಗಿ, ೨೦೧೮ರಲ್ಲಿ ಅದಕ್ಕಾಗಿ ಶಾಸನವೂ ಆಯಿತು. ಆದಕಾರಣ ಉಮೇದುವಾರಿಗೆ ಕಟ್ಟು ಬೇಕು ಎಂಬುದು ನನ್ನ ಅಭಿಪ್ರಾಯ. ಕಲಿಯುವವನ ಸಂಬಳ ಸರಕಾರದ್ದೇ ಆಗಿರಲಿ. ತಾನು ಕಲಿತ ಕಂಪನಿಯ ತಪಾಸಣೆಗೆ ಅವನೇ ಹೋಗದಿರಲಿ. ಮ್ಯಾನೇಜರನ ಕೋಣೆಯಲ್ಲಿ ಚಹಾ ಕುಡಿದದ್ದಕ್ಕಿಂತ ಇಂಜಿನ್ ಕೋಣೆಯಲ್ಲಿ ಬೆವರಿದ ದಿನ ಹೆಚ್ಚಾಗಿರಲಿ.

ಈಗ ನಮ್ಮ ಮುಂಬಯಿಗೆ ಬರುತ್ತೇನೆ. ೧೯೪೪ರ ಏಪ್ರಿಲ್ ೧೪ರಂದು ಇಲ್ಲಿಯ ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟಿಕೀನ್' ಹಡಗು ಸಿಡಿಯಿತು. ಅದರಲ್ಲಿ ಸುಮಾರು ೧,೪೦೦ ಟನ್ ಸಿಡಿಮದ್ದಿತ್ತು. ಅದೇ ಹಡಗಿನಲ್ಲಿ ಕರಾಚಿಯಿಂದ ತಂದ ಸಾವಿರಾರು ಹತ್ತಿಯ ಬೇಲುಗಳೂ ಇದ್ದವು. ನೂರಾರು ಜನ ಸತ್ತರು, ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ ೬೬ ಮಂದಿ ಹಿಂದಿರುಗಲಿಲ್ಲ. ಅವರ ನೆನಪಿಗಾಗಿಯೇ ದೇಶವೆಲ್ಲ ಏಪ್ರಿಲ್ ೧೪ನ್ನು ಅಗ್ನಿಶಾಮಕ ದಿನವಾಗಿ ಆಚರಿಸುತ್ತದೆ. ಗಿರಣಿಯ ಹಿರಿಯರೇ, ಹತ್ತಿಯ ಬೇಲಿಗೆ ಕಿಡಿ ಬಿದ್ದರೆ ಹೊರಗೆ ತಣ್ಣಗೆ ಕಂಡರೂ ಒಳಗೊಳಗೇ ಕೊರೆಯುತ್ತದೆಂಬುದನ್ನು ನಿಮಗೆ ಯಾವ ಪುಸ್ತಕ ಕಲಿಸಿತು? ಬ್ಲೋ ರೂಮಿನ ಕೆಲಸ ಕಲಿಸಿತು. ೧೯೮೨ರ ಮುಷ್ಕರದ ತರುವಾಯ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಿಮ್ಮ ಕೈಯಲ್ಲಿದ್ದ ಆ ವಿದ್ಯೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಹೋಟೆಲಿನ ವಿದ್ಯೆಗಾದರೂ ಆ ಗತಿ ಬಾರದಿರಲಿ. ಗ್ಯಾಸಿನ ಕೊಳವೆ ಎಲ್ಲಿ ಸವೆದಿದೆ, ಅಟ್ಟದ ಮೇಲೆ ಎಷ್ಟು ಜನ ಮಲಗುತ್ತಾರೆ, ರಾತ್ರಿ ಹೊರಗಿನಿಂದ ಬೀಗ ಬೀಳುವ ಬಾಗಿಲು ಯಾವುದು, ಇದೆಲ್ಲ ಮಾಣಿಗೆ, ಕ್ಲೀನರಿಗೆ, ಭಟ್ಟರಿಗೆ ಗೊತ್ತು. ಕೇಳುವವರಿಲ್ಲ. ಆದಕಾರಣ ಸಂಘದ ಮುಂದೆ ಮೂರು ಸೂಚನೆ ಇಡುತ್ತೇನೆ. ಒಂದು, ಕೆಲಸದ ಜಾಗಗಳ ತಪಾಸಣೆಗೆ ನೇಮಕವಾಗುವ ಅಧಿಕಾರಿಗಳು ಕೆಲವು ವಾರವಾದರೂ ಅಡಿಗೆಮನೆಯಲ್ಲಿ, ಯಂತ್ರದ ಬುಡದಲ್ಲಿ ನಿಂತು ಕಲಿಯಬೇಕೆಂದು ಸರಕಾರಕ್ಕೆ ಮನವಿ ಕೊಡೋಣ. ಎರಡು, ತಪಾಸಣೆಗೆ ಬಂದವರು ಮಾಲಿಕರಿಲ್ಲದಾಗ ಒಬ್ಬ ಕಾರ್ಮಿಕನನ್ನಾದರೂ ಮಾತನಾಡಿಸಬೇಕೆಂದು ಒತ್ತಾಯಿಸೋಣ. ಮೂರು, ಅವರು ಬರುವವರೆಗೆ ಕಾಯದೆ, ನಮ್ಮ ನಮ್ಮ ಜಾಗದ ಅಪಾಯಗಳನ್ನು ಒಂದು ಪುಸ್ತಕದಲ್ಲಿ ಬರೆದು ಸಂಘದಲ್ಲಿಡೋಣ. ಬರೆಯಲು ಬಾರದವರು ಹೇಳಲಿ, ಬರುವವರು ಬರೆದುಕೊಳ್ಳಲಿ.

ಸಮುದ್ರದ ಸೈನಿಕನೇ ಕೆಲಸಗಾರನ ಪಕ್ಕದಲ್ಲಿ ನಿಂತು ಕಲಿಯಲು ನಾಚಲಿಲ್ಲ. ಕಲಿಸಲು ನಾವೇಕೆ ನಾಚಬೇಕು? ನಾಳೆ ನಿಮ್ಮ ಪಾಳಿ ಶುರುವಾಗುವ ಮೊದಲು ಹಿಂಬಾಗಿಲು ತೆರೆಯುತ್ತದೆಯೇ ಎಂದು ಒಮ್ಮೆ ನೂಕಿ ನೋಡಿರಿ. ಪುಸ್ತಕದ ಮೊದಲ ಸಾಲು ಅದೇ ಆಗಲಿ.