ತಟ್ಟಿದ ಮಡಕೆಯ ದನಿ



ಧಾರಾವಿಯ ಕುಂಬಾರವಾಡದಲ್ಲಿ ಮಡಕೆ ಕೊಳ್ಳುವವರನ್ನು ತಾವು ಕಂಡಿರಬಹುದು. ಅಂಗೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತದೆ. ಬೆಳಕನ್ನೂ ಹೊರಬಿಡದ ಕಪ್ಪುಕುಳಿಯನ್ನು ಪರೀಕ್ಷಿಸುವ ಉಪಾಯವೂ ಇದೇ. ಅದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಕನ್ನಡಿಗರೆಂಬುದು ನಮ್ಮ ಸಭೆಗಳಲ್ಲಿ ಸಾಕಷ್ಟು ಪ್ರಸ್ತಾಪವಾಗಿಲ್ಲವೆಂಬುದು ನನ್ನ ಕೊರಗು.

ಸಿ. ವಿ. ವಿಶ್ವೇಶ್ವರ ಅವರು ಹುಟ್ಟಿದ್ದು 1938ರಲ್ಲಿ, ಬೆಂಗಳೂರಿನಲ್ಲಿ, ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿ ಅವರು ಸಂಶೋಧನೆಗೆ ತೊಡಗಿದಾಗ ಕಪ್ಪುಕುಳಿಯೆಂಬ ಹೆಸರೇ ರೂಢಿಯಲ್ಲಿರಲಿಲ್ಲ. ಅಂಥದೊಂದು ವಸ್ತು ಇದ್ದರೆ, ಕದಲಿಸಿದಾಗ ಅದು ಉಳಿದೀತೇ? ಉಳಿಯುತ್ತದೆಂದು ಗಣಿತದಿಂದ ಸಾಧಿಸಿದರು. ಬಳಿಕ 1970ರಲ್ಲಿ ‘ನೇಚರ್’ ಪತ್ರಿಕೆಯ ಪುಟ್ಟ ಪ್ರಬಂಧವೊಂದರಲ್ಲಿ, ಗುರುತ್ವ ತರಂಗದ ಪೆಟ್ಟು ಬಿದ್ದ ಕಪ್ಪುಕುಳಿ ಗಂಟೆಯಂತೆ ಮಿಡಿದು ಬೇಗನೆ ಅಡಗುತ್ತದೆಂದು ತೋರಿಸಿದರು. ಆ ಮಿಡಿತ ಹೊಡೆದ ಪೆಟ್ಟನ್ನು ಅವಲಂಬಿಸಿಲ್ಲ. ಕುಳಿಯ ದ್ರವ್ಯರಾಶಿ ಹೆಚ್ಚಿದಷ್ಟೂ ಶ್ರುತಿ ತಗ್ಗುತ್ತದೆ. (ದನಿಯೆಂಬುದು ಉಪಮೆ ಮಾತ್ರ, ಅಲ್ಲಿ ಗಾಳಿಯಿಲ್ಲ, ನಡುಗುವುದು ದೇಶಕಾಲವೇ.)

ಇದರಿಂದೇನು ಪ್ರಯೋಜನ? ದಲಾಲ್ ಸ್ಟ್ರೀಟಿನ ಲೆಕ್ಕದಲ್ಲಿ ಅದು ನಲವತ್ತೈದು ವರ್ಷ ಬಡ್ಡಿಯಿಲ್ಲದ ಠೇವಣಿ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳೆರಡೂ ಅಲುಗಿದವು. ಸೂರ್ಯನ 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕುಳಿಗಳು ಸುಮಾರು 130 ಕೋಟಿ ವರ್ಷಗಳ ಹಿಂದೆ ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯ ತರಂಗವಾಗಿ ಕರಗಿತ್ತು. ಕೊನೆಯಲ್ಲಿ ಮಸುಕಾಗಿ ಆ ಅಡಗುವ ಮಿಡಿತವೂ ಇತ್ತು. ವಿಶ್ವೇಶ್ವರ ಅವರು ಆ ಸುದ್ದಿ ಕೇಳುವವರೆಗೆ ಬದುಕಿದ್ದರು. 2017ರ ಜನವರಿ 16ರಂದು ತೀರಿಕೊಂಡರು.

2025ರ ಜನವರಿ 14ರಂದು ಬಂದ ತರಂಗದಲ್ಲಿ ಅದೇ ಮಿಡಿತ ಬಹು ಸ್ಪಷ್ಟವಾಗಿತ್ತು. ಬೆರೆಯುವ ಮುನ್ನ ಎರಡು ಕುಳಿಗಳ ಮೇಲ್ಮೈ ಒಟ್ಟು ಸುಮಾರು 2,40,000 ಚದರ ಕಿಲೋಮೀಟರು, ಅಂದರೆ ಕರ್ನಾಟಕಕ್ಕಿಂತ ದೊಡ್ಡದು. ಬೆರೆತ ಮೇಲೆ ಸುಮಾರು 4,00,000, ಮಹಾರಾಷ್ಟ್ರವನ್ನೂ ಮೀರಿದ್ದು. ಈ ಮೇಲ್ಮೈ ಎಂದೂ ಕುಗ್ಗದೆಂದು ಹಾಕಿಂಗ್ 1971ರಲ್ಲಿ ಹೇಳಿದ್ದು ಹೀಗೆ ತಾಳೆಯಾಯಿತು.

ಇನ್ನು ಕೋಟಿಗಟ್ಟಲೆ ಸೂರ್ಯರ ತೂಕದ ಕುಳಿಗಳು. ಅವುಗಳ ಒಂದೊಂದು ಅಲೆಗೂ ವರ್ಷಗಳೇ ಬೇಕು. ಭೂಮಿಯ ಮೇಲಿನ ಯಂತ್ರ ಸಾಲದು. ದೂರದ ಪಲ್ಸಾರ್ ನಕ್ಷತ್ರಗಳ ನಿಯತ ಮಿಡಿತಗಳನ್ನೇ ಗಡಿಯಾರ ಮಾಡಿಕೊಂಡು, ಅವು ಎಷ್ಟು ಹಿಂದುಮುಂದಾದವೆಂದು ನೋಡಬೇಕು. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಾರಾಯಣಗಾಂವ್ ಸಮೀಪದ ಖೋಡದ್‌ನಲ್ಲಿ ನಿಲ್ಲಿಸಿದ, ತಲಾ 45 ಮೀಟರಿನ 30 ಬೋಗುಣಿಗಳ ದೂರದರ್ಶಕ ಈ ಕಾಯಕದಲ್ಲಿದೆ. 2023ರ ಜೂನ್‌ನಲ್ಲಿ ಯುರೋಪಿನವರೊಡನೆ ಭಾರತ-ಜಪಾನ್ ತಂಡವೂ ಇಂಥ ಗುಂಯ್‌ಗುಡುವಿಕೆಗೆ ಪುರಾವೆ ನೀಡಿತು. ಮೂಲ ಬಹುಶಃ ಜೋಡಿ ಕಪ್ಪುಕುಳಿಗಳು. ಒಂದೊಂದನ್ನೂ ಬೇರ್ಪಡಿಸಿ ಗುರುತಿಸುವುದು ಬಾಕಿಯಿದೆ.

ನಮ್ಮ ರಾಜ್ಯದ ಹಿಂಗೋಳಿ ಜಿಲ್ಲೆಯ ಔಂಢಾದಲ್ಲಿ ಲೈಗೋ ಯಂತ್ರ ನಿಲ್ಲಿಸಲು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸಮ್ಮತಿಸಿತು. ಅಷ್ಟು ದೂರವೇಕೆ ಎಂದರೆ, ಕನ್ನಡಿಗಳ ಅಲುಗಾಟವನ್ನು ಪ್ರೋಟಾನಿನ ಸಾವಿರದೊಂದಂಶಕ್ಕಿಂತ ಸೂಕ್ಷ್ಮವಾಗಿ ಅಳೆಯಬೇಕು. ದಾದರಿನಲ್ಲಿ ಇಟ್ಟರೆ ಅದಕ್ಕೆ ಕೇಳಿಸುವುದು ವಿರಾರ್ ಫಾಸ್ಟ್ ಮಾತ್ರ.