ಸುರಂಗದ ಬಾಯಲ್ಲಿ ಒಂದು ಪಾಠ



ಈ ಶಾಲೆಯಲ್ಲಿ ಅಕ್ಷರ ಕಲಿತು, ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧಿಸುತ್ತಿರುವ ನಾವು ಒಂದು ಮಾತನ್ನು ಸಂಕೋಚದಿಂದ ಅರಿಕೆ ಮಾಡುತ್ತೇವೆ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಆದೇಶಿಸಿತು. ನಮ್ಮಲ್ಲಿ ಅದಕ್ಕೊಂದು ಪ್ರತ್ಯೇಕ ಪತ್ರಿಕೆಯಿದೆ. ಆದರೆ ಪಂಪಿನ ಲೆಕ್ಕದಲ್ಲಿ ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕೆಂದು ಕೇಳುತ್ತೇವೆಯೇ ಹೊರತು, ಎತ್ತಿದ ನೀರು ನೆಲಕ್ಕೆ ಮರಳುವುದೆಂತೆಂದು ಕೇಳುವುದಿಲ್ಲ.

ಕಾಸರಗೋಡಿನ ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಒಳಗೆ ಒಸರಿದ ನೀರು ತಾನಾಗಿ ಹರಿದು ಕೆರೆ ಸೇರುತ್ತದೆ, ವಿದ್ಯುತ್ತು ಬೇಡ. ಗುಡ್ಡ ಕೊಟ್ಟಷ್ಟೇ ನೀರು. ಕೊಳವೆಬಾವಿಗೆ ಆ ಮಿತಿಯ ಅರಿವಿಲ್ಲ. ಈ ಅರಿವು ಪ್ರತ್ಯೇಕ ಪತ್ರಿಕೆಯಲ್ಲಿ ಉಳಿಯದೆ ಪ್ರತಿಯೊಂದು ಲೆಕ್ಕದೊಳಗೂ ಇಳಿಯಬೇಕು.

ನಾಳೆ ಇಂಜಿನಿಯರುಗಳಾಗಲಿರುವ ಮಕ್ಕಳನ್ನು ಇಂದೇ ಒಂದು ಸುರಂಗದ ಬಾಯಿಗೆ ಕರೆದೊಯ್ಯಿರೆಂದು ಪೋಷಕರಲ್ಲಿ ನಮ್ಮ ಪ್ರಾರ್ಥನೆ.