ಮೊದಲ ಮನೆ ಯಾರಿಗೆ?



ಎಷ್ಟು ಮನೆ ಕಟ್ಟಬೇಕು ಎಂದು ನಾವು ಸಾಕಷ್ಟು ಚರ್ಚಿಸಿದ್ದೇವೆ. ಕಟ್ಟಿದ ಮನೆ ಮೊದಲು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿದಿದೆ. ಈ ವಿಚಾರ ಸಂಕಿರಣ ಅದನ್ನು ಕೈಗೆತ್ತಿಕೊಂಡಿರುವುದು ನನಗೆ ಸಂತೋಷ ತಂದಿದೆ. ಪೀಠಿಕೆಯಾಗಿ ಇಂಗ್ಲೆಂಡಿನ ಸ್ಥಳೀಯ ಆಡಳಿತ ಸಂಸ್ಥೆಗಳಾದ ಕೌನ್ಸಿಲ್‌ಗಳ ಅನುಭವವನ್ನು ನಿಮ್ಮ ಮುಂದಿಡುತ್ತೇನೆ. ಅಲ್ಲಿ ಸುಮಾರು 13 ಲಕ್ಷ ಕುಟುಂಬಗಳು ಸಾಮಾಜಿಕ ವಸತಿಗಾಗಿ ಕಾಯುವ ಪಟ್ಟಿಯಲ್ಲಿವೆ.

ಅಲ್ಲಿನ 1996ರ ವಸತಿ ಕಾಯ್ದೆ ಕೆಲವರಿಗೆ ಆದ್ಯತೆ ಕೊಡಲೇಬೇಕು ಎನ್ನುತ್ತದೆ: ಮನೆಯಿಲ್ಲದವರು, ಕಿಕ್ಕಿರಿದ ಅಥವಾ ಅನಾರೋಗ್ಯಕರ ಮನೆಗಳಲ್ಲಿ ಇರುವವರು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಮನೆ ಬದಲಿಸಬೇಕಾದವರು, ಬೇರೆ ಪ್ರದೇಶಕ್ಕೆ ಹೋಗದಿದ್ದರೆ ಸಂಕಷ್ಟಕ್ಕೆ ಸಿಲುಕುವವರು. ಇವರೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಬಹುಮಟ್ಟಿಗೆ ಆಯಾ ಕೌನ್ಸಿಲ್ ನಿರ್ಧರಿಸುತ್ತದೆ. ಕೆಲವು ಕೌನ್ಸಿಲ್‌ಗಳು ಅಂಕ ಕೊಡುತ್ತವೆ. ಇನ್ನು ಹಲವು ಕೌನ್ಸಿಲ್‌ಗಳು ಅರ್ಜಿದಾರರನ್ನು ಕಷ್ಟದ ತೀವ್ರತೆಗೆ ತಕ್ಕಂತೆ ಬ್ಯಾಂಡ್‌ಗಳಾಗಿ ವಿಂಗಡಿಸುತ್ತವೆ. ಖಾಲಿಯಾದ ಮನೆಯನ್ನು ಪ್ರಕಟಿಸಿದಾಗ ಬೇಕಾದವರು ಹೆಸರು ಕೊಡುತ್ತಾರೆ. ಸಾಮಾನ್ಯವಾಗಿ ಮೇಲಿನ ಬ್ಯಾಂಡ್‌ನವರಿಗೆ, ಒಂದೇ ಬ್ಯಾಂಡ್‌ನಲ್ಲಿ ಹೆಚ್ಚು ಕಾಲ ಕಾದವರಿಗೆ ಮನೆ ಸಿಗುತ್ತದೆ.

ಕೇಳಲು ಇದು ಸರಳ. ಆದರೆ ಕಷ್ಟವನ್ನು ಅಳೆಯುವುದು ಹೇಗೆ? ಒಂದು ಬೆಡ್‌ರೂಮ್, ಒಂದು ಹಾಲ್ ಇರುವ ಮನೆಯಲ್ಲಿ ಗಂಡ, ಹೆಂಡತಿ, ಒಂಬತ್ತು ವರ್ಷದ ಮಗ, ಆರು ವರ್ಷದ ಮಗಳು ಇದ್ದಾರೆ ಎಂದುಕೊಳ್ಳಿ. ಸರ್ಕಾರದ ಮಾರ್ಗಸೂಚಿ ಶಿಫಾರಸು ಮಾಡುವ ಬೆಡ್‌ರೂಮ್ ಮಾನದಂಡದಂತೆ ಇವರಿಗೆ ಒಂದು ಕೋಣೆ ಕಡಿಮೆ. 1985ರ ವಸತಿ ಕಾಯ್ದೆಯ ಲೆಕ್ಕ ಬೇರೆ: ಹಾಲ್ ಕೂಡ ಮಲಗುವ ಕೋಣೆ, ಒಂದು ತುಂಬಿ ಹತ್ತು ತುಂಬದ ಮಗು ಅರ್ಧ ವ್ಯಕ್ತಿ. ಕೋಣೆಗಳು ಸಾಕಷ್ಟು ದೊಡ್ಡವಿದ್ದರೆ ಎರಡಕ್ಕೆ ಮೂವರ ಮಿತಿ. ಈ ಲೆಕ್ಕದಲ್ಲಿ ಕುಟುಂಬವೂ ಸರಿಯಾಗಿ ಮೂವರು. ಹಾಗಾಗಿ ಮನೆ ಕಿಕ್ಕಿರಿದಿಲ್ಲ. ಮಗನಿಗೆ ಹತ್ತು ತುಂಬಿದ ದಿನ ಲೆಕ್ಕ ಮೂರೂವರೆಯಾಗಿ, ಅದೇ ಮನೆ ಕಾನೂನಿನ ಕಣ್ಣಿಗೆ ಕಿಕ್ಕಿರಿದ ಮನೆಯಾಗುತ್ತದೆ. ಆ ಮನೆಯವರ ಕಷ್ಟ ಮಾತ್ರ ಹಿಂದಿನ ದಿನವೂ ಅಷ್ಟೇ ಇತ್ತು. ಯಾವ ಅಳತೆಗೋಲನ್ನು ಹಿಡಿಯುತ್ತೇವೆ ಎಂಬುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಪಟ್ಟಿಗೆ ಯಾರನ್ನು ಸೇರಿಸಬೇಕು ಎಂಬುದೂ ಅಷ್ಟೇ ದೊಡ್ಡ ತೀರ್ಮಾನ. 2011ರ ಲೋಕಲಿಸಂ ಕಾಯ್ದೆ ಈ ವಿಷಯದಲ್ಲಿ ಕೌನ್ಸಿಲ್‌ಗಳಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು. ಲಂಡನ್ನಿನ ಹಿಲಿಂಗ್‌ಡನ್ ಕೌನ್ಸಿಲ್ ಹತ್ತು ವರ್ಷ ಸತತ ವಾಸದ ಷರತ್ತು ಹಾಕಿತು. ಎಲ್ಲರಿಗೂ ಒಂದೇ ನಿಯಮವಾದರೂ ಅದು ಅಲೆಮಾರಿ ಐರಿಷ್ ಟ್ರಾವೆಲರ್ ಸಮುದಾಯಕ್ಕೆ ಮತ್ತು ನಿರಾಶ್ರಿತರಾಗಿ ಬಂದವರಿಗೆ ಹೆಚ್ಚು ಹೊಡೆತ ಕೊಡುತ್ತಿತ್ತು. ಅದಕ್ಕೆ ತಕ್ಕ ಸಮರ್ಥನೆ ಕೌನ್ಸಿಲ್ ಬಳಿ ಇಲ್ಲವೆಂದು 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಹಾಗೆಂದು ನ್ಯಾಯಾಲಯಗಳು ಎಲ್ಲ ಕಡೆ ಕೈ ಹಾಕುವುದಿಲ್ಲ. ಕಾದ ಕಾಲಕ್ಕೆ ಪ್ರಾಮುಖ್ಯ ಕೊಟ್ಟಿದ್ದ ನ್ಯೂಹ್ಯಾಮ್ ಕೌನ್ಸಿಲ್‌ನ ನೀತಿಯನ್ನು 2009ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು; ಇಂಥ ಆಯ್ಕೆ ಚುನಾಯಿತ ಸಂಸ್ಥೆಗಳ ಕೆಲಸ ಎಂಬುದು ಅದರ ನಿಲುವು.

ನನ್ನ ಆಶಯ ಇಲ್ಲಿದೆ. ದೋಷವೇ ಇಲ್ಲದ ಸರದಿ ಯಾವ ದೇಶದಲ್ಲೂ ಇಲ್ಲ. ಆದರೆ ಹಿಂದೆ ನಿಂತವರಿಗೆ ತಾವೇಕೆ ಹಿಂದಿದ್ದೇವೆ ಎಂದು ತಿಳಿಯುವ, ಅದನ್ನು ಪ್ರಶ್ನಿಸುವ ಹಕ್ಕು ಇರಲೇಬೇಕು. ಇಂಗ್ಲೆಂಡಿನ ಕಾನೂನು ಕೌನ್ಸಿಲ್‌ನ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ; ಅರ್ಜಿದಾರರಿಗೆ ಮಾಹಿತಿ ಮತ್ತು ಮರುಪರಿಶೀಲನೆಯ ಹಕ್ಕು ಕೊಡುತ್ತದೆ. ನಾವು ಅಲ್ಲಿಂದ ಕಲಿಯಬೇಕಾದದ್ದು ಇದೇ.

ನಮ್ಮ ಹಳ್ಳಿಗಳಲ್ಲಿ ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆಯ ಹೊಣೆ ಗ್ರಾಮಸಭೆಯದು. ಊರಿನವರ ಎದುರು ಹೆಸರು ಓದಿ ಒಪ್ಪಿಗೆ ಪಡೆಯುವ ಈ ವ್ಯವಸ್ಥೆಯ ಶಕ್ತಿ ದೊಡ್ಡದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ವಿಧವೆ ಆ ಸಭೆಯಲ್ಲಿ ಎದ್ದು ನಿಂತು ಕಾರಣ ಕೇಳಬಲ್ಲಳೇ? ಕೇಳಿದರೆ ಉತ್ತರ ಲಿಖಿತವಾಗಿ ಸಿಗುತ್ತದೆಯೇ? ಗುಡಿಸಲಿನಲ್ಲಿರುವವರು ಮತ್ತು ಬಾಡಿಗೆ ಕಟ್ಟಲಾಗದವರ ನಡುವೆ ಯಾರ ಕಷ್ಟ ಹೆಚ್ಚೆಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಮುಂದಿನ ಗೋಷ್ಠಿಗಳು ಈ ಪ್ರಶ್ನೆಗಳನ್ನು ಎದುರಿಸಲಿ. ಪಂಚಾಯಿತಿ ಸದಸ್ಯರೊಬ್ಬರು ನಾಳೆಯೇ ಬಳಸಬಹುದಾದ ಒಂದು ಶಿಫಾರಸನ್ನಾದರೂ ನಾವು ಬರೆದು ಕೊಡೋಣ.